ಉಳಿದದ್ದು ಹನ್ನೆರಡು ಅಡಿ

ಮನೆಯ ಮೇಲೆ ಹತ್ತಿ ಹಂಚು ತೆಗೆಯುತ್ತಿದ್ದವನನ್ನು ನಾನು ಹಂಚು ಕೈಯಾಡಿಸುವ ಆಳು ಎಂದುಕೊಂಡೆ. ತಪ್ಪು ನನ್ನದಲ್ಲ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಬ್ಬ ಆಳನ್ನು ಕಳಿಸುತ್ತೇನೆ ಎಂದು ಅಪ್ಪ ವಾರದಿಂದ ಹೇಳುತ್ತಿದ್ದರು. ಇವನೋ ಧೋತರ ಮೇಲೆ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಮೈತುಂಬ ಧೂಳು ಮಾಡಿಕೊಂಡು ನಮ್ಮ ಪಡಸಾಲೆಯ ನೆತ್ತಿಯ ಮೇಲೆ ಕೂತಿದ್ದ. ಅಂಥವನನ್ನು ಧಾರವಾಡದಲ್ಲಿ ಕಾಲೇಜು ಕಲಿಯುವ ಹುಡುಗ ಎಂದು ಯಾರು ತಿಳಿಯುತ್ತಾರೆ?

ಅದು ೧೯೩೯ನೆಯ ಇಸವಿ, ಶುಕ್ರವಾರ ಮಧ್ಯಾಹ್ನ. ದಾಂಡೇಲಿಯ ಸಣ್ಣ ಕನ್ನಡ ಸಾಲೆಯಲ್ಲಿ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಕಲಿಸಿ, ಗಂಟಲು ಒಣಗಿಸಿಕೊಂಡು ಬಂದಿದ್ದೆ. ಆಗ ನನಗೆ ಹತ್ತೊಂಬತ್ತು. ಶಿವಗಂಗಾಳ ವಯಸ್ಸು ಹತ್ತೊಂಬತ್ತು, ಬಾಯಿ ಮಾತ್ರ ನಲವತ್ತರದು ಎಂದು ಆಯಿ ಹೇಳುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ, ತಾಯವ್ವ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು.

"ಏನಪಾ, ಪಡಸಾಲಿ ಮ್ಯಾಲಿನ ಹಂಚು ಅಷ್ಟ ತಗದ್ರ ಆತೇನು? ಹ್ವಾದ ವರ್ಷ ಅಡಗಿ ಮನ್ಯಾಗ ಒಲಿ ಮ್ಯಾಲೆ ನೀರು ಬಿದ್ದಾವು. ಅದನ್ನೂ ನೋಡು," ಎಂದೆ ಅಂಗಳದಿಂದ.

ಅವನು ಬಗ್ಗಿ ನೋಡಿದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. "ಆತ್ರಿ," ಎಂದ.

"ಒಡದ ಹಂಚು ಬ್ಯಾರೆ ಇಡು. ಜಿಗದಾಡಿ ಇದ್ದವನ್ನ ಒಡೀಬ್ಯಾಡ."

"ಇಲ್ರಿ. ನಮ್ಮ ಮನಿದು ವರ್ಷಾ ನಾನ ಕೈಯಾಡಸ್ತೇನಿ."

"ಯಾ ಊರು?"

"ಇಂದೂರ್ರಿ. ಮುಂಡಗೋಡದ ಕಡೆ."

ಮುಂದಿನ ಎರಡು ತಾಸು ನಾನು ಕೆಳಗೆ ನಿಂತು ಹುಕುಂ ಕೊಟ್ಟೆ, ಅವನು ಮೇಲೆ ಕೂತು ಪಾಲಿಸಿದ. ನಡುವೆ ಒಮ್ಮೆ ಮಜ್ಜಿಗೆ ಕೊಟ್ಟೆ. ಅವನು ಏಣಿಯ ಅರ್ಧಕ್ಕೆ ಇಳಿದು, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು, "ಉಪ್ಪು ಬರೋಬ್ಬರಿ ಆಗೇತ್ರಿ," ಎಂದ. ಆಳುಗಳು ಉಪ್ಪಿನ ವಿಷಯ ಮಾತಾಡುವುದಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಸಂಜೆ ಅಪ್ಪ ಬಂದರು. ಹಿಂದೆ ಇಬ್ಬರು ಹುಡುಗರು ಒಂದು ಕರಿ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ತಂದಿದ್ದರು. ಅಪ್ಪ ಮೇಲೆ ನೋಡಿ, "ಈಶಪ್ಪಾ, ಪಡಸಾಲಿ ಬಿಟ್ಟು ಅಡಗಿ ಮನಿ ಮ್ಯಾಲೆ ಏನ ಮಾಡಾಕತ್ತಿ?" ಎಂದರು.

"ಅಕ್ಕೋರು ಹೇಳಿದ್ರು," ಎಂದ ಅವನು.

ಸಾಲೆ ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಅಕ್ಕೋರು ಅನ್ನುತ್ತಾರೆ. ಅವನು ಅಂದದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನಿಸಿತು. ಒಳಗೆ ಓಡಿಹೋದೆ.

ಸಂಗತಿ ತಿಳಿದದ್ದು ಆಮೇಲೆ. ನಮ್ಮಪ್ಪ ನಾಗಲಿಂಗಪ್ಪನವರು ಕಟ್ಟಿಗೆ ಡಿಪೋದಲ್ಲಿ ಕಾರಕೂನರು, ನಾಟಕದ ಹುಚ್ಚರು. ಧಾರವಾಡಕ್ಕೆ ನಾಟಕ ನೋಡಲು ಹೋದಾಗ ಈ ಹುಡುಗರ ಪರಿಚಯವಾಗಿತ್ತು. ಕಾಲೇಜಿನ ಹುಡುಗರು ಸೇರಿ ಒಂದು ಮೂಕಿ ಚಿತ್ರ ತೆಗೆಯುತ್ತಿದ್ದರು. ಕ್ಯಾಮೆರಾ ಅವರ ಮಾಸ್ತರರದು. ರೀಲು ಒಂದೇ, ನೂರು ಅಡಿಯದು, ನಾಲ್ಕು ನಿಮಿಷ ಓಡುವಂಥದು. ಹಳಿಯಾಳದಲ್ಲಿ ದಿಬ್ಬಣದ ಬಂಡಿ, ವಾಲಗ ಅಂತ ಅರವತ್ತು ಅಡಿ ಮುಗಿಸಿ ಬಂದಿದ್ದರು. ಇನ್ನು ಉಳಿದದ್ದು ಒಂದೇ ದೃಶ್ಯ. ಹೊಸ ಸೊಸೆ ಹೊಸ್ತಿಲಿಗೆ ಬರುತ್ತಾಳೆ, ಹೆಂಗಸರು ಅಡ್ಡಗಟ್ಟಿ ಗಂಡನ ಹೆಸರು ಕೇಳುತ್ತಾರೆ, ಅವಳು ನಾಚಿ, ಆ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳಿ ಒಳಗೆ ಕಾಲಿಡುತ್ತಾಳೆ.

"ಹಂಚು ಯಾಕ ತಗೀಬೇಕು?" ಎಂದಳು ಆಯಿ.

ಈಶಪ್ಪ ಕೈಕಾಲು ತೊಳೆದು, ತಲೆ ಬಾಚಿ ಬಂದಿದ್ದ. ಧೂಳಿನ ಕೆಳಗೆ ಇಷ್ಟು ಒಳ್ಳೆ ಮುಖ ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು? "ಕ್ಯಾಮೆರಾ ಒಳಗ ಇರತೈತ್ರಿ ಆಯಿ. ಮದುಮಗಳು ಹೊರಗಿಂದ ಬರತಾಳ. ಬೆನ್ನ ಹಿಂದ ಬಿಸಲು, ಮಾರಿ ಮ್ಯಾಲೆ ಕತ್ತಲಿ. ಚಿತ್ರದಾಗ ಮಾರಿ ಕರ್‍ರಗ ಬರತೈತಿ. ಮ್ಯಾಲಿಂದ ಬೆಳಕು ಬಿದ್ರ ಅಷ್ಟ ಕಾಣತೈತಿ. ಧಾರವಾಡದಾಗ ಹಂಚು ತಗೀಲಿಕ್ಕೆ ಯಾರೂ ಒಪ್ಪಲಿಲ್ಲ."

"ನಮ್ಮಾಂವ ಒಬ್ಬಾಂವ ಶಾಣ್ಯಾ ಒಪ್ಪಿದ," ಎಂದು ಆಯಿ ಅಪ್ಪನನ್ನು ನೋಡಿದಳು. ಆಮೇಲೆ ಈಶಪ್ಪನ ಮನೆತನ, ಮಠ, ಮೂರು ತಲೆಮಾರು, ಹೊಲ ಎಷ್ಟು ಕೂರಿಗೆ, ಎಲ್ಲ ವಿಚಾರಿಸಿದಳು. ಯಾರು ಬಂದರೂ ಆಯಿ ವಿಚಾರಿಸುತ್ತಾಳೆ, ಅದರಲ್ಲಿ ವಿಶೇಷವಿರಲಿಲ್ಲ. ವಿಶೇಷವೆಂದರೆ ನಾನು ಬಾಗಿಲ ಮರೆಯಲ್ಲಿ ನಿಂತು ಪೂರ್ತಿ ಕೇಳಿದ್ದು.

ಊಟವಾದ ಮೇಲೆ ಅಪ್ಪ ನನ್ನನ್ನು ಕರೆದರು. ಬೈಲಹೊಂಗಲದಿಂದ ಬಂದ ಪತ್ರ ಅವರ ಕೈಯಲ್ಲಿತ್ತು. ಅರಿವೆ ಅಂಗಡಿಯವರ ಮಗ, ಮನೆತನ ಚೆನ್ನಾಗಿದೆ, ಹುಡುಗಿ ಒಪ್ಪಿಗೆ, ಆದರೆ ಮದುವೆಯಾದ ಮೇಲೆ ಸಾಲೆಗೆ ಹೋಗುವಂತಿಲ್ಲ.

"ಸೋಮವಾರದ ಟಪಾಲಿಗೆ ಉತ್ತರ ಹಾಕಬೇಕವ್ವಾ. ಹೂಂ ಅಂತ ಬರೀಲೇನು?"

"ಸೋಮವಾರ ಹೇಳ್ತೇನಿ," ಎಂದೆ. ಮೊನ್ನೆಯಾಗಿದ್ದರೆ ಬಹುಶಃ ಹೂಂ ಅನ್ನುತ್ತಿದ್ದೆ. ಬೇಡ ಅನ್ನಲು ಕಾರಣ ಬೇಕಲ್ಲ, ಬರೀ ಸಾಲೆ ಎಂದರೆ ಯಾರು ಕೇಳುತ್ತಾರೆ? ಈಶಪ್ಪನ ಗುಂಪು ಹೊರಡುವುದೂ ಸೋಮವಾರದ ಅಳ್ನಾವರ ರೈಲುಗಾಡಿಗೇ ಎಂದು ಆಗಲೇ ಲೆಕ್ಕ ಹಾಕಿದ್ದೆ. ಒಂದು ಮಧ್ಯಾಹ್ನ ಹಂಚು ಕೈಯಾಡಿಸಿದವನ ಮೇಲೆ ಮನಸ್ಸಾಯಿತೇ ಎಂದು ನನಗೆ ನಾನೇ ಬೈದುಕೊಂಡೆ. ಬೈದರೆ ಹೋಗುವಂಥದಾಗಿರಲಿಲ್ಲ ಅದು.

ಆಗಿನ ದಾಂಡೇಲಿ ಎಂದರೆ ಕಟ್ಟಿಗೆ ಡಿಪೋ, ಗರಗಸದ ಮಿಲ್ಲು, ಸ್ಟೇಷನ್ನು, ಮತ್ತು ಚಳಿಜ್ವರ. ಬಂದವರಿಗೆ ಮೊದಲ ಮೂರನ್ನು ನಾವು ತೋರಿಸುತ್ತಿದ್ದೆವು, ನಾಲ್ಕನೆಯದು ತಾನೇ ಬಂದು ಕಾಣುತ್ತಿತ್ತು. ಶನಿವಾರ ಬೆಳಿಗ್ಗೆ ಅದು ಉಳವಪ್ಪನನ್ನು ಹಿಡಿಯಿತು. ಜೋಯಿಡಾ ಕಡೆಯ ಈ ಉಳವಪ್ಪನೇ ಅವರ ಮದುಮಗಳು. ಮೀಸೆ ಬರದ ನುಣ್ಣನೆ ಮುಖದವನು, ಕಾಲೇಜಿನ ನಾಟಕದಲ್ಲೆಲ್ಲ ಹೆಣ್ಣು ಪಾತ್ರ ಅವನದೇ. ಈಗ ಮೂರು ಕಂಬಳಿ ಹೊದ್ದು, ಹಲ್ಲು ಕಡಿಯುತ್ತ, ಡಿಪೋದ ಕೋಣೆಯಲ್ಲಿ ಕ್ವಿನೈನ್ ಗುಳಿಗೆ ನುಂಗಿ ಮಲಗಿದ್ದ.

ಅದೇ ಹೊತ್ತಿಗೆ ಕ್ಯಾಮೆರಾದ ಚಾವಿ ಮುರಿಯಿತು. ಗಡಿಯಾರಕ್ಕೆ ಕೊಟ್ಟ ಹಾಗೆ ಅದಕ್ಕೂ ಚಾವಿ ಕೊಡಬೇಕು. ಪೂರ್ತಿ ತಿರುಗಿಸಿದರೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಓಡುತ್ತದೆ. ಚಾವಿ ಇಲ್ಲದಿದ್ದರೆ ಅದೊಂದು ಡಬ್ಬಿ ಅಷ್ಟೇ.

ಬೆಳಗಿನ ಸಾಲೆ ಮುಗಿಸಿ ಬಂದಾಗ ಈಶಪ್ಪ ನಮ್ಮ ಕಟ್ಟೆಯ ಮೇಲೆ ಮುರಿದ ತುಂಡು ಹಿಡಿದು ಕೂತಿದ್ದ.

"ಮಿಲ್ಲಿನ್ಯಾಗ ವಜೀರ ಮೇಸ್ತ್ರಿ ಅದಾನ," ಎಂದೆ. "ಗರಗಸದ ಹಲ್ಲು ಮಾಡಾಂವಗ ಇದೇನು ದೊಡ್ಡದು? ಅವನ ಮಗಳು ದಿಲಶಾದ ನನ್ನ ಇಯತ್ತೆದಾಕಿ. ಬರ್ರಿ, ತೋರಸ್ತೇನಿ."

ತೋರಿಸುವುದು ಹೇಗೆ? ದಾರಿ ಗೊತ್ತಿದ್ದವಳು ನಾನು, ಮುಂದೆ ಹೋಗಬೇಕು. ಗಂಡಸಿನ ಮುಂದೆ ಮುಂದೆ ನಾನು ನಡೆದರೆ ಡಿಪೋದ ಜನ ಏನಂದಾರು? ಜೊತೆಗೆ ನಡೆದರಂತೂ ಮುಗಿದೇ ಹೋಯಿತು. ಕೊನೆಗೆ ಅವನು ಮುಂದೆ, ನಾನು ಹತ್ತು ಮಾರು ಹಿಂದೆ. ದಾರಿ ತಿಳಿಯದ್ದರಿಂದ ಪ್ರತಿ ತಿರುವಿನಲ್ಲೂ ಅವನು ನಿಂತು ಹಿಂದೆ ನೋಡಬೇಕು, ನಾನು ಕಣ್ಣಿನಲ್ಲೇ ಎಡ, ಬಲ ಎಂದು ಹೇಳಬೇಕು. ನಮ್ಮ ಮನೆಯಿಂದ ಮಿಲ್ಲಿಗೆ ತಿರುವುಗಳು ಮೂರು. ಅವನು ಎಂಟು ಸಲ ನೋಡಿದ.

ಕೊನೆಯ ಸಲ ಸಾಗವಾನಿ ದಿಮ್ಮಿಗಳ ರಾಶಿಯ ಹತ್ತಿರ ನಿಂತ. ಅಲ್ಲಿ ದಾರಿ ಕೋಲು ಹಿಡಿದಷ್ಟು ನೆಟ್ಟಗೆ ಇತ್ತು.

"ಇಲ್ಲಿ ಎಲ್ಲಿ ತಿರಗೂದೈತಿ?" ಎಂದೆ ಮೆಲ್ಲಗೆ.

"ಗೊತ್ತೈತ್ರಿ," ಎಂದ. "ನೀವು ಬರಾಕತ್ತೀರೊ ಇಲ್ಲೊ ಅಂತ ನೋಡಿದೆ."

"ಎಲ್ಲಿಗೆ ಹೋಗ್ಲಿ?"

"ಅದಲ್ರಿ. ನಿನ್ನೆ ಅಷ್ಟ ಹುಕುಂ ಕೊಟ್ಟವ್ರು ಇವತ್ತ ಸುಮ್ಮನ ಇದ್ರ ಹೆದರಿಕಿ ಆಗತೈತಿ."

ನಗಬಾರದು ಎಂದುಕೊಂಡೆ, ನಕ್ಕೆ. "ನಿನ್ನೆ ಯಾಕ ಹೇಳಲಿಲ್ಲ, ನಾ ಆಳು ಅಲ್ಲ ಅಂತ?"

"ಹೇಳಿದ್ರ ನೀವು ಒಳಗ ಹೋಗತಿದ್ರಿ."

ನಾನು ಸೆರಗು ಸರಿಮಾಡಿಕೊಂಡು, ಮುಂದೆ ನಡೆಯಿರಿ ಎಂದು ಕಣ್ಣಿನಲ್ಲೇ ತೋರಿಸಿದೆ.

ವಜೀರ ಮೇಸ್ತ್ರಿ ಮುರಿದ ತುಂಡನ್ನು ಕಣ್ಣಿನ ಹತ್ತಿರ ಹಿಡಿದು, "ಅರೇ, ಇಷ್ಟ ಏನ್ರಿ?" ಎಂದ. ಒಂದು ಹಳೆ ಬೋಲ್ಟು ತೆಗೆದುಕೊಂಡು ಅರದಿಂದ ಉಜ್ಜತೊಡಗಿದ. ಉಜ್ಜುವುದು, ಹಾಕಿ ನೋಡುವುದು, ಮತ್ತೆ ಉಜ್ಜುವುದು, ಹೀಗೆ ಒಂದು ತಾಸು. ಹೊಸ ಚಾವಿ ಗಟ್ಟಿಯಾಗಿ ಕೂತು ಕ್ಯಾಮೆರಾ ಗರಗರ ಎಂದಾಗ ಈಶಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ಏನ ಕೊಡಲಿ ಮೇಸ್ತ್ರಿ?"

"ಏನೂ ಬ್ಯಾಡ. ಚಿತ್ರ ತಗಿಯೂ ಮುಂದ ನನಗೂ ಒಂದ ಕೆಲಸ ಕೊಡು. ನೋಡೇ ಇಲ್ಲ ನಾ."

ಅಂದು ಮಧ್ಯಾಹ್ನ ಈಶಪ್ಪ ಬೆಳಕು ಅಳೆಯಲು ನಮ್ಮ ಮನೆಗೆ ಮೂರು ಸಲ ಬಂದ. ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಹನ್ನೆರಡರಿಂದ ಮುಕ್ಕಾಲು ತಾಸು ಮಾತ್ರ ಬಿಸಿಲು ಹೊಸ್ತಿಲ ಮೇಲೆ ಬೀಳುತ್ತದೆ, ಆಮೇಲೆ ಗೋಡೆ ಹತ್ತುತ್ತದೆ. ಭಾನುವಾರದ ಆ ಮುಕ್ಕಾಲು ತಾಸಿನಲ್ಲಿ ಮುಗಿಯಬೇಕು. ಮಂಗಳವಾರ ಕ್ಯಾಮೆರಾ ಮಾಸ್ತರರ ಕೈ ಸೇರಬೇಕು, ಚಿತ್ರ ಅರ್ಧವಾದರೆ ಅವರು ಮತ್ತೆ ಕೊಡುವುದಿಲ್ಲ.

"ಎಲ್ಲಾ ಬರೋಬ್ಬರಿ, ಮದುಮಗಳ ಇಲ್ಲ," ಎಂದ ಮೋತಿಲಾಲ. ಮದುಮಗನ ಪಾತ್ರ ಅವನದು. "ಈಶಪ್ಪಾ, ನೀನ ಸೀರಿ ಉಟ್ಕೋ."

"ಕ್ಯಾಮೆರಾ ಯಾರು ನಡಸೋರು, ನಿಮ್ಮಪ್ಪ?"

ಆಯಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಈಗ ಎದ್ದು ನಿಂತಳು. "ಮೀಸಿ ಬೋಳಿಸಿದ ಗಂಡಸಿಗೆ ಸೀರಿ ಉಡಿಸಿ ನನ್ನ ಹೊಸ್ತಿಲ ದಾಟಸ್ತೀರೇನು? ಮನ್ಯಾಗ ಗಂಗಾ ಇಲ್ಲೇನು?"

ಅಪ್ಪ ಬೆಚ್ಚಿಬಿದ್ದರು. ಅವರಿಗೆ ನಾಟಕದ ಹುಚ್ಚು ನಿಜ, ಆದರೆ ಊರವರ ಮಕ್ಕಳು ಕುಣಿಯುವುದು ಬೇರೆ, ತಮ್ಮ ಮಗಳು ನಿಲ್ಲುವುದು ಬೇರೆ. "ಅವ್ವಾ, ಮಂದಿ ಏನಂದಾರು?"

"ಮಂದಿ ಅಲ್ಲೇ ಇರ್ತಾರಲ್ಲ, ಅತ್ತಿ ಪಾತ್ರಾ ನಂದು. ಅಕಿ ಪಕ್ಕದಾಗ ನಾ ಇದ್ದ ಮ್ಯಾಲೆ ಯಾರ ಏನ ಅಂತಾರ?"

ಗುಟ್ಟು ರಟ್ಟಾಯಿತು. ಆಯಿಗೆ ಚಿತ್ರದಲ್ಲಿ ಬರುವ ಆಸೆ! ಅವಳ ಕರಾರುಗಳು ಮೂರು. ಹುಡುಗಿಯನ್ನು ಯಾರೂ ಮುಟ್ಟಬಾರದು. ಮೋತಿಲಾಲ ಮೂರು ಮೊಳ ದೂರ ನಿಲ್ಲಬೇಕು. ಮೂರನೆಯದನ್ನು ಹೇಳುವಾಗ ಅವಳು ಬೆರಳು ಎತ್ತಿದಳು.

"ಒಡಪಿನ್ಯಾಗ ಯಾರ ಹೆಸರೂ ಹೇಳೂ ಹಂಗಿಲ್ಲ. ಹೊಸ್ತಿಲದಾಗ ನಿಂತು, ಆರತಿ ಮುಂದ, ಐದು ಮಂದಿ ಮುತ್ತೈದೇರು ಕೇಳಿದಾಗ ಹುಡಿಗಿ ಹೇಳಿದ ಹೆಸರು ಹುಡುಗಾಟ ಅಲ್ಲ. ಅದು ಖರೇನ ಹೇಳಿದಂಗ."

"ಹೇಳೂದ ಬ್ಯಾಡ್ರಿ ಆಯಿ," ಎಂದ ಈಶಪ್ಪ. "ಇದು ಮೂಕಿ. ತುಟಿ ಅಲ್ಲಾಡಿದ್ರ ಸಾಕು. ಅಕ್ಕೋರು ಎರಡರ ಮಗ್ಗಿ ಅಂದ್ರೂ ನಡೀತೈತಿ."

ಎಲ್ಲರೂ ನನ್ನನ್ನು ನೋಡಿದರು. ಒಪ್ಪಿಗೆಯೇ ಎಂದು ಕಣ್ಣಿನಲ್ಲಿ ಕೇಳಿದವನು ಅವನೊಬ್ಬನೇ. "ಆಗಲಿ," ಎಂದೆ.

ಭಾನುವಾರ ಆಯಿಯ ಮದುವೆಯ ಇಳಕಲ್ ಸೀರೆ ಉಟ್ಟೆ. ಹಸಿರು ಬಳೆ, ಮಲ್ಲಿಗೆ, ಹಣೆಗೆ ಬಾಸಿಂಗ. ಹೊರಗೆ ಬಂದಾಗ ಈಶಪ್ಪ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತಿದ್ದ. ತಲೆ ಎತ್ತಿದ. ಆ ತಿರುಪು ಬಿಗಿಯಾದ ಮೇಲೂ ಅವನ ಕೈ ತಿರುಗಿಸುತ್ತಲೇ ಇತ್ತು.

"ಬೆಳಕು ಹೆಂಗೈತ್ರಿ?" ಎಂದೆ.

"ಛಲೋ ಐತ್ರಿ," ಎಂದ. ಮೇಲೆ, ಹಂಚಿನ ಕಡೆ ನೋಡಲೇ ಇಲ್ಲ.

ಮೇಲಿನ ಬಿಸಿಲು ಹಣೆಗೆ, ಮೂಗಿಗೆ ಬೀಳುತ್ತಿತ್ತು. ಕಣ್ಣು ಮಾತ್ರ ನೆರಳಿನಲ್ಲಿ ಗುಳಿಬಿದ್ದ ಹಾಗೆ ಕಾಣುತ್ತವೆ ಎಂದು ಈಶಪ್ಪ ಹೇಳಿದ. ಅದಕ್ಕಾಗಿ ಕ್ಷೌರದ ಅಂಗಡಿಯ ದೊಡ್ಡ ಕನ್ನಡಿ ತಂದು, ವಜೀರ ಮೇಸ್ತ್ರಿಯ ಕೈಗೆ ಕೊಟ್ಟು, ಕೆಳಗಿನಿಂದ ಬೆಳಕು ಎಸೆಯಲು ಹೇಳಿದರು. ನೆಲಕ್ಕೆ ಅಪ್ಪನ ಬಿಳಿ ಧೋತರ ಹಾಸಿದರು. ರೀಲು ಉಳಿದದ್ದು ನಲವತ್ತು ಅಡಿ.

ಮೊದಲ ಸಲ ಚಾವಿ ಕೊಟ್ಟು ಕ್ಯಾಮೆರಾ ಓಡಿಸಿದಾಗ ನಾನು ಸರಿಯಾಗಿ ಬಂದೆ, ಹೊಸ್ತಿಲ ಮೇಲಿನ ಸೇರನ್ನು ಕಾಲಿನಿಂದ ಒದ್ದೆ, ಅಕ್ಕಿ ಚೆಲ್ಲಿತು. ಆಯಿ ಆರತಿ ಎತ್ತಿದಳು. ಎತ್ತಿದವಳು ಕ್ಯಾಮೆರಾದ ಕಡೆ ತಿರುಗಿ, ಬೊಚ್ಚುಬಾಯಿ ತುಂಬ ನಗುತ್ತ, "ಬಂದ್ನೇನಪಾ ನಾ?" ಎಂದಳು.

"ಬಂದ್ರಿ ಆಯಿ," ಎಂದ ಈಶಪ್ಪ. ಹದಿನಾಲ್ಕು ಅಡಿ ಹೋಯಿತು.

ಎರಡನೆಯ ಸಲ ನಾನು ಎರಡರ ಮಗ್ಗಿ ಅರ್ಧ ಹೇಳುವಷ್ಟರಲ್ಲಿ ವಜೀರ ಮೇಸ್ತ್ರಿ ಉತ್ಸಾಹದಿಂದ ಕನ್ನಡಿಯನ್ನು ನನ್ನ ಕಣ್ಣಿಗೇ ಹೊಡೆದ. ನಾನು ಸೀನಿದೆ, ಒಂದಲ್ಲ, ಮೂರು ಸಲ. ಬಾಸಿಂಗ ಕಿವಿಗೆ ಬಂತು. "ತೌಬಾ, ತೌಬಾ," ಎಂದು ಮೇಸ್ತ್ರಿ ಕೆನ್ನೆ ಬಡಿದುಕೊಂಡ. ಮತ್ತೆ ಹದಿನಾಲ್ಕು ಅಡಿ.

ಉಳಿದದ್ದು ಹನ್ನೆರಡು. ಅಂದರೆ ಅರ್ಧ ನಿಮಿಷ, ಒಂದೇ ಚಾವಿ. ಬಿಸಿಲು ಆಗಲೇ ಹೊಸ್ತಿಲ ಅಂಚಿಗೆ ಸರಿದಿತ್ತು. ಅಪ್ಪ ಗಡಿಯಾರ ನೋಡಿ, "ಇನ್ನ ಹತ್ತ ನಿಮಿಷ," ಎಂದರು. ಯಾರೂ ನಗುತ್ತಿರಲಿಲ್ಲ.

ಈಶಪ್ಪ ಕ್ಯಾಮೆರಾ ಬಿಟ್ಟು ನನ್ನ ಹತ್ತಿರ ಬಂದ. ಆಯಿಯ ಕರಾರು ನೆನಪಾಗಿ ಮೂರು ಮೊಳ ದೂರದಲ್ಲೇ ನಿಂತ.

"ಒಂದ ಮಾತು ಹೇಳ್ಲ್ಯಾ, ಸಿಟ್ಟಾಗಬ್ಯಾಡ್ರಿ. ಮಗ್ಗಿ ಹೇಳೂ ಮುಂದ ನಿಮ್ಮ ಮಾರಿ ಕೈಯಾಗ ಛಡಿ ಹಿಡದಂಗ ಆಗತೈತಿ."

"ಮತ್ತ ಏನ ಹೇಳ್ಲಿ?"

"ನಿಮ್ಮ ಮನಸಿನ್ಯಾಗ ಏನೈತಿ ಅದನ್ನ ಹೇಳ್ರಿ. ಕ್ಯಾಮೆರಾಕ್ಕ ಕಿವಿ ಇಲ್ಲ."

"ನಿಮಗ ಅದಾವಲ್ಲ?"

"ಮಷೀನಿನ ಸಪ್ಪಳದಾಗ ನನಗೇನೂ ಕೇಳಸೂದಿಲ್ರಿ," ಎಂದು ಹೇಳಿ, ಸ್ವಲ್ಪ ತಡೆದು, "ಇದು ಕೆಟ್ಟರ ಕೆಡಲಿ. ನಾಳೆ ಗಾಡಿ ಹತ್ತೂದಂದ್ರ ನನಗ ಭಾಳ ಸಂಕಟ ಐತಿ, ಅದು ಚಿತ್ರಕ್ಕಲ್ಲ," ಎಂದ. ನಾನು ಏನನ್ನೂ ಕೇಳುವ ಮೊದಲೇ ಹೋಗಿ ಚಾವಿ ತಿರುಗಿಸತೊಡಗಿದ.

ಚಿತ್ರಕ್ಕಲ್ಲದೆ ಮತ್ತೆ ಯಾವುದಕ್ಕೆ? ಅರ್ಧ ಮಾತು ಆಡಿ ಹೋಗುವ ಗಂಡಸರಿಗೆ ನಾಗರಬೆತ್ತದ ರುಚಿ ತೋರಿಸಬೇಕು. ನಾಳೆ ಅವನು ಗಾಡಿ ಹತ್ತುತ್ತಾನೆ, ಅದೇ ಗಾಡಿಯಲ್ಲಿ ಅಪ್ಪನ ಪತ್ರ ಬೈಲಹೊಂಗಲಕ್ಕೆ ಹೋಗುತ್ತದೆ. ನನ್ನ ಬಾಳು ಒಂದು ಅರ್ಧ ಮಾತಿನ ಮೇಲೆ ನಿಂತಿದೆ ಎಂದು ಅಂಗಳದಲ್ಲಿ ಸೆರಗು ಹಿಡಿದು ನಿಂತಾಗ ನನಗೆ ಸ್ಪಷ್ಟವಾಗಿ ಕಂಡಿತು.

ಗರಗರ ಶಬ್ದ ಶುರುವಾಯಿತು. ಬಂದೆ. ಸೇರು ಉರುಳಿತು. ಆಯಿ ಈ ಸಲ ಕ್ಯಾಮೆರಾ ನೋಡಲಿಲ್ಲ. ಕನ್ನಡಿಯ ಬೆಳಕು ಮೆತ್ತಗೆ ನನ್ನ ಕೆನ್ನೆಗೆ ಬಂತು. ನೆರೆಯ ಹೆಂಗಸರು ಬಾಗಿಲಿಗೆ ಕೈ ಅಡ್ಡ ಹಿಡಿದು, "ಹೆಸರು ಹೇಳು, ಹೆಸರು ಹೇಳು," ಎಂದರು.

ತಲೆ ಎತ್ತಿದೆ. ಅವನ ಒಂದು ಕಣ್ಣು ಕ್ಯಾಮೆರಾದಲ್ಲಿತ್ತು, ಇನ್ನೊಂದು ಮುಚ್ಚಿತ್ತು. ನನ್ನ ಬಾಯಿಂದ ಬಂದದ್ದು ಎರಡರ ಮಗ್ಗಿಯಲ್ಲ.

"ಕಾಳಿ ಹೊಳ್ಯಾಗ ತೇಲತೈತಿ ಬಿದರಿನ ತೆಪ್ಪ,
ಹಂಚು ತಗದು ಮನ್ಯಾಗ ಬೆಳಕು ತಂದವ್ರು ಈಶಪ್ಪ."

ಮುಚ್ಚಿದ್ದ ಕಣ್ಣು ತೆರೆಯಿತು.

ಹೆಂಗಸರ ಕೈಗಳು ಬಾಗಿಲಿನಲ್ಲಿ ಹಾಗೇ ನಿಂತವು. ಕ್ಯಾಮೆರಾ ಮಾತ್ರ ಗರಗರ ಎನ್ನುತ್ತ ಓಡಿ, ರೀಲು ಮುಗಿದು, ಟಕ್ಕನೆ ನಿಂತಿತು.

ಇದೇನು ಮಾಡಿದೆ! ಮುಸ್ಸಂಜೆಯೊಳಗೆ ಇಡೀ ದಾಂಡೇಲಿಗೆ ಗೊತ್ತಾಗುತ್ತದೆ. ಅವನು ಸುಮ್ಮನೆ ಪೆಟ್ಟಿಗೆ ಕಟ್ಟಿಕೊಂಡು ಹೋದರೆ, ಹೆಸರು ಹೇಳಿದರೂ ಅವನು ಬಿಟ್ಟುಹೋದವಳು ಎಂದು ನಾನು ಉಳಿಯುತ್ತೇನೆ. ಬೈಲಹೊಂಗಲವೂ ಇಲ್ಲ, ಸಾಲೆಯೂ ಇಲ್ಲ.

ಮೋತಿಲಾಲ ಎರಡು ಹೆಜ್ಜೆ ಹಿಂದೆ ಸರಿದ. "ನಂದೇನೂ ಇಲ್ಲಪಾ ಇದರಾಗ. ನನ್ನ ಹೆಸರು ಮೋತಿಲಾಲ."

ಅಪ್ಪ ಗಡಿಯಾರ ಹಿಡಿದುಕೊಂಡೇ ನಿಂತಿದ್ದರು. ಆಯಿ ಆರತಿ ತಟ್ಟೆಯನ್ನು ಕೆಳಗೆ ಇಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ನೇರವಾಗಿ ಕ್ಯಾಮೆರಾದ ಹಿಂದೆ ನೋಡಿದಳು.

"ಯಪ್ಪಾ, ನಿನಗ ಕೇಳಸ್ತೊ ಇಲ್ಲೊ?"

"ಕೇಳಸ್ತ್ರಿ ಆಯಿ."

"ಮತ್ತ ಹೊರಗ ಬಾ. ಅಕಿ ಹೇಳ್ಯಾಳ, ಇನ್ನ ನಿನ್ನ ಪಾಳಿ. ನೀನೂ ಹೆಸರು ಹೇಳಬೇಕಲ್ಲ."

ಅವನು ಸ್ಟ್ಯಾಂಡು ಸುತ್ತಿ ಬಂದ. ಅಂಗಳಕ್ಕೆ ಇಳಿದು, ಹೊಸ್ತಿಲ ಹೊರಗೆ ನನ್ನ ಪಕ್ಕ ನಿಂತ. ಮೂರು ಮೊಳ ಈ ಸಲ ಅವನಿಗೆ ನೆನಪಾಗಲಿಲ್ಲ. "ಕಾಳಿ ಹೊಳ್ಯಾಗ..." ಎಂದು ಶುರು ಮಾಡಿದ, ನಿಂತ. "ಹೊಳಿ ದಂಡ್ಯಾಗ..." ಎಂದ, ಮತ್ತೆ ನಿಂತ. ಕಿವಿಯ ತುದಿಯವರೆಗೆ ಕೆಂಪಾದ.

"ನನಗ ಒಡಪ ಕಟ್ಟಾಕ ಬರೂದಿಲ್ರಿ ಆಯಿ. ನಿನ್ನೆ ಬೆಳಕು ಅಳೀತೇನಂತ ಮೂರು ಸಲ ಬಂದೆ. ಬೆಳಕು ಒಂದ ಸಲ ಅಳದ್ರ ಸಾಕಾಗತಿತ್ತು. ಶಿವಗಂಗಾ ಒಪ್ಪಿದ್ರ, ಆಕಿ ಸಾಲ್ಯಾಗ ಕಲಸಲಿ, ಆ ಸಾಲಿ ಎಲ್ಲಿ ಇರತೈತಿ ಅಲ್ಲೇ ನಾ ಮನಿ ಮಾಡತೇನಿ. ಈ ವರ್ಷ ಪರೀಕ್ಷಾ ಮುಗಿತೈತಿ, ಕೆಲಸಾ ಹುಡಕತೇನಿ. ನನಗ ಶಿವಗಂಗಾ ಬೇಕ್ರಿ, ಅಷ್ಟ."

ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಅಕ್ಕೋರು ಅಂತ ಅನ್ನದೆ ಇದ್ದದ್ದೂ ಮೊದಲು. ನಾನು ಅಲ್ಲೇ, ಎಲ್ಲರ ಮುಂದೆ, ಜೋರಾಗಿ ಉಸಿರು ಬಿಟ್ಟೆ. ನೆರೆಯ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು.

ಆಯಿ ಯೋಚಿಸಿದಳು. "ಪ್ರಾಸ ಇಲ್ಲ," ಎಂದಳು. "ಏನ ಮಾಡೂದು, ಬರ್ರಿ ಒಳಗ." ಆರತಿ ಎತ್ತಿ ನಮ್ಮಿಬ್ಬರಿಗೂ ಬೆಳಗಿದಳು.

ವಜೀರ ಮೇಸ್ತ್ರಿ ಕನ್ನಡಿಯನ್ನು ಎದೆಗೆ ಅವಚಿಕೊಂಡು, "ಮುಬಾರಕ್," ಎಂದ. ಅಪ್ಪ ಒಬ್ಬರೇ ಬಾಕಿ. ಅವರು ಗಡಿಯಾರವನ್ನು ಕಿಸೆಯಲ್ಲಿ ಹಾಕಿಕೊಂಡು ಈಶಪ್ಪನ ಎದುರು ನಿಂತರು.

"ಪಡಸಾಲಿ ಕೇಳಿದಿ, ಕೊಟ್ಟೆ. ಹಂಚು ಕೇಳಿದಿ, ಕೊಟ್ಟೆ. ನಿನ್ನ ನಂಬಿ ಮನಿ ತೆರದ್ರ ಇದೇನೋ ತಮ್ಮಾ?"

"ತಪ್ಪಾಗೇತ್ರಿ."

"ತಪ್ಪು ಅಂದ್ರ ಹೆಂಗ? ನನ್ನ ಮಗಳು ಹೆಸರು ಹೇಳ್ಯಾಳ." ಅಪ್ಪನ ಮೀಸೆಯ ತುದಿ ಅಲುಗಿತು. ಅವರು ನಗು ತಡೆಯುವುದು ಹಾಗೆಯೇ. "ನಾಳಿನ ಟಪಾಲಿಗೆ ಎರಡು ಪತ್ರ ಹಾಕತೇನಿ. ಒಂದು ಇಂದೂರಕ್ಕ, ನಿಮ್ಮಪ್ಪಗ. ಇನ್ನೊಂದಕ್ಕ... ಗಂಗಾ, ಬೈಲಹೊಂಗಲಕ್ಕ ಏನಂತ ಬರೀಲವ್ವಾ?"

"ಬ್ಯಾಡ ಅಂತ ಬರೀರಿ," ಎಂದೆ. ಅಷ್ಟು ಸಲೀಸಾಗಿ ಜೀವನದಲ್ಲಿ ಇನ್ನಾವ ಮಾತೂ ನನ್ನ ಬಾಯಿಂದ ಬಂದಿಲ್ಲ.

ಸೋಮವಾರ ಅವನು ಗಾಡಿ ಹತ್ತಿದ. ಕಂಬಳಿ ಹೊದ್ದ ಉಳವಪ್ಪನನ್ನು ಕಿಟಕಿಯ ಹತ್ತಿರ ಕೂರಿಸಿ, ರೀಲಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಇಂದೂರಿನಿಂದ ವಾರದೊಳಗೆ ಉತ್ತರ ಬಂತು, ವೈಶಾಖದಲ್ಲಿ ಮದುವೆ ಎಂದು. ಹುಡುಗಿ ಮಗನನ್ನು ಅಡಿಗೆ ಮನೆಯ ಹಂಚಿಗೂ ಹಚ್ಚಿದಳು ಎಂಬುದನ್ನು ಕೇಳಿ ಅವನ ಅವ್ವನಿಗೆ ಬಲು ಸಂತೋಷವಾಗಿದೆ ಎಂದು ಅವನ ಅಪ್ಪ ಬರೆದಿದ್ದರು.

ಚಿತ್ರದ ಚಿಂತೆ ಮಾತ್ರ ಉಳಿದಿತ್ತು. ರೀಲು ತೊಳೆಯಲು ಮುಂಬೈಗೆ ಹೋಗಿತ್ತು. ಅಲ್ಲಿ ಪೂರಾ ಕಪ್ಪಾಗಿ ಬಂದರೆ? ದಿನಾ ಸಾಲೆಯಿಂದ ಬಂದವಳೇ ಟಪಾಲು ಕೇಳುತ್ತಿದ್ದೆ. ತಿಂಗಳಾದ ಮೇಲೆ ಅವನ ಕಾರ್ಡು ಬಂತು. ಕಾರ್ಡನ್ನು ಟಪಾಲಿನವನಿಂದ ಹಿಡಿದು ಆಯಿಯವರೆಗೆ ಎಲ್ಲರೂ ಓದುತ್ತಾರೆಂದು ಅವನಿಗೂ ಗೊತ್ತು. ಅದಕ್ಕೇ ಅಷ್ಟು ಮರ್ಯಾದೆಯಿಂದ ಬರೆದಿದ್ದ.

'ಚಿತ್ರ ಬಂದಿದೆ. ಬೆಳಕು ಸಾಕಾಗಿದೆ. ಮುಖ ಸ್ವಚ್ಛವಾಗಿ ಕಾಣುತ್ತದೆ. ಕೊನೆಯಲ್ಲಿ ಮಾತ್ರ ಸ್ವಲ್ಪ ವಾಲಿದೆ, ನನ್ನ ಮೊಣಕಾಲು ಸ್ಟ್ಯಾಂಡಿಗೆ ಬಡಿದಿತ್ತು. ಮಾಸ್ತರರು ಮೆಚ್ಚಿದರು, ಕ್ಯಾಮೆರಾ ಇನ್ನು ಮುಂದೆಯೂ ಕೊಡುತ್ತಾರಂತೆ. ಕಾಲೇಜಿನಲ್ಲಿ ತೋರಿಸಿದಾಗ ಮದುಮಗಳು ಏನು ಹೇಳಿದಳು ಎಂದು ಎಲ್ಲರೂ ಕೇಳಿದರು. ಮಷೀನಿನ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ ಎಂದು ಹೇಳಿದೆ.'

ಕಾರ್ಡು ಹಿಡಿದು ಕಟ್ಟೆಯ ಮೇಲೆ ಕೂತು ತುಂಬ ಹೊತ್ತು ನಕ್ಕೆ. ಆಮೇಲೆ ನಾನೂ ಒಂದು ಕಾರ್ಡು ತೆಗೆದುಕೊಂಡೆ. ಯಾರು ಬೇಕಾದರೂ ಓದಲಿ ಎಂದು ದುಂಡಗೆ ಬರೆದೆ.

'ಕೇಳಿಸದಿದ್ದರೆ ಚಿಂತೆಯಿಲ್ಲ. ವೈಶಾಖದಲ್ಲಿ ನಿಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ಇನ್ನೊಮ್ಮೆ ಹೇಳುತ್ತೇನೆ. ಅಂದು ಕ್ಯಾಮೆರಾ ತರಬೇಡಿ. ನೀವು ನನ್ನ ಪಕ್ಕದಲ್ಲಿ ನಿಲ್ಲಬೇಕು.'